ಅತ್ತೆಯವರ ಸೋಮವಾರದ ಉಪವಾಸ

ಹೋದ ವರ್ಷ ಮಳೆಗಾಲ ಶುರುವಾದ ಮೊದಲ ಭಾನುವಾರ, ಮಧ್ಯಾಹ್ನದ ಊಟಕ್ಕೆ ಎಬ್ಬಿಸಲು ಹೋದಾಗ ನಮ್ಮ ಅತ್ತೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ನೀ ಯಾರವ್ವಾ? ಯಾರ ಮನಿಯಾಕಿ?” ಎಂದು ಕೇಳಿದರು. ಇಪ್ಪತ್ತಾರು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತವರು ನಾವು. ತಮಾಷೆಯಿರಬೇಕು ಎಂದುಕೊಂಡೆ. ಆದರೆ ಅತ್ತೆ ತಮಾಷೆ ಮಾಡುವ ಪೈಕಿ ಅಲ್ಲ, ನನ್ನ ಜೊತೆಯಂತೂ ಅಲ್ಲವೇ ಅಲ್ಲ. ಅವರ ಹಣೆಯ ಮೇಲೆ ಬೆವರು ಮೂಡಿತ್ತು, ಕೈ ನಡುಗುತ್ತಿತ್ತು. ಕೂರಿಸಿ ಅರ್ಧ ರೊಟ್ಟಿ ತಿನ್ನಿಸಿದ ಮೇಲೆ ನನ್ನ ಹೆಸರು ಹಿಡಿದು ಕರೆದು, ಪಲ್ಯಕ್ಕೆ ಉಪ್ಪು ಸಾಲದು ಎಂದರು. ಆಗ ಜೀವ ಬಂದಂತಾಯಿತು.

ಶರಣ ಬಂಧುಗಳೇ, ನಾನು ಪವಾಡಗಳನ್ನು ಹೇಳಿಕೊಂಡು ತಿರುಗುವವಳಲ್ಲ. ಯಾರಾದರೂ ಹೇಳಿದರೆ ಕೇಳುತ್ತೇನೆ, ತಲೆಯಾಡಿಸುತ್ತೇನೆ, ಅಷ್ಟೇ. ಹಾಗಿದ್ದೂ ನನ್ನ ಮನೆಯಲ್ಲಿ ನಡೆದದ್ದನ್ನು ನಡೆದಷ್ಟೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಏನು ಹೆಸರು ಕೊಡಬೇಕೋ ನೀವೇ ಕೊಡಿ.

ನಾವು ಬೆಳಗಾವಿಯ ಸದಾಶಿವನಗರದವರು. ನಮ್ಮ ಯಜಮಾನರು ಒಂದು ಫೌಂಡ್ರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ನಾನು ಖಾನಾಪುರ ತಾಲ್ಲೂಕಿನಲ್ಲಿ, ನಂದಗಡದ ದಾರಿಯ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ದಿನಾಲು ಎಂಟೂವರೆಯ ಬಸ್ಸು ಹಿಡಿದು ಖಾನಾಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು. ನನ್ನ ತರಗತಿಯ ಮಕ್ಕಳು ಮನೆಯಲ್ಲಿ ಮರಾಠಿ ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ. “ಟೀಚರ್, ಗಣಿತ ಭಾಳ ಅವಘಡ ಐತ್ರಿ” ಎನ್ನುತ್ತಾರೆ. ಮರಾಠಿಯಲ್ಲಿ ಅವಘಡ ಎಂದರೆ ಕಷ್ಟ. ಕನ್ನಡದಲ್ಲಿ ಅವಘಡ ಎಂದರೆ ಬಸ್ಸು ಉರುಳುವುದು ಎಂದು ನಾನು ತಿದ್ದುತ್ತೇನೆ. ಒಂದೇ ಪದ, ಎರಡು ಅರ್ಥ. ಈ ಪಾಠ ನನಗೆ ಬಲು ಇಷ್ಟ, ಪ್ರತಿ ವರ್ಷ ಎರಡು ದಿನ ಹೆಚ್ಚಿಗೆ ಎಳೆಯುತ್ತೇನೆ. ಗಡಿಯ ಗದ್ದಲದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಇಷ್ಟೇ ಹೇಳುತ್ತೇನೆ: ಭಾಷಣ ಮಾಡುವವರು ಒಂದು ವಾರ ಬಂದು ನನ್ನ ಮೂರನೇ ತರಗತಿಯಲ್ಲಿ ಕೂರಲಿ.

ಅಭಿಪ್ರಾಯಗಳ ವಿಷಯದಲ್ಲಿ ಅತ್ತೆಯ ಮುಂದೆ ನಾನೇನೂ ಅಲ್ಲ. ಎಪ್ಪತ್ತೊಂದು ವರ್ಷದ ಅವರು ಸಂಜೆ ಟಿವಿ ಮುಂದೆ ಕೂತರೆ ಯಾವ ಪಕ್ಷದವರನ್ನೂ ಬಿಡುತ್ತಿರಲಿಲ್ಲ. ಅಧಿವೇಶನ ನಮ್ಮೂರಲ್ಲಿ ನಡೆಯುವಾಗಲಂತೂ ಅವರಿಗೆ ಹಬ್ಬ, ಸಚಿವರ ಊಟದ ಪಟ್ಟಿಯಿಂದ ಹಿಡಿದು ಅಡ್ಡಗಟ್ಟಿದ ರಸ್ತೆಯವರೆಗೆ ಎಲ್ಲದಕ್ಕೂ ಬೈಗುಳ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂದಾದಾಗ, ನಮ್ಮ ಯಜಮಾನರು ಅದು ತಪ್ಪು ಎಂದು ವಾದಿಸಿದ್ದಕ್ಕೆ ಎರಡು ದಿನ ಮಗನೊಂದಿಗೆ ಮಾತು ಬಿಟ್ಟಿದ್ದರು. ಆದ್ದರಿಂದ ಬೇಸಿಗೆಯಲ್ಲಿ ಅವರು ಟಿವಿ ಹಚ್ಚುವುದನ್ನೇ ನಿಲ್ಲಿಸಿದಾಗ ನಮಗೆ ಎಚ್ಚರವಾಗಬೇಕಿತ್ತು. ಮನೆ ಶಾಂತವಾಯಿತಲ್ಲ ಎಂದು ಇಬ್ಬರೂ ಒಳಗೊಳಗೇ ಖುಷಿಪಟ್ಟೆವು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಶುರುವಾದದ್ದು ಶಿವರಾತ್ರಿಯ ಆಸುಪಾಸಿಗೆ. ಹೊಸ್ತಿಲು ಎಡವಿ ಅತ್ತೆಯ ಕಾಲ್ಬೆರಳಿಗೆ ಗಾಯವಾಗಿತ್ತು, ಮೂರು ವಾರವಾದರೂ ಒಣಗಲಿಲ್ಲ. ಡಾಕ್ಟರು ಸಕ್ಕರೆ ಪರೀಕ್ಷೆ ಬರೆದುಕೊಟ್ಟರು. ಚೀಟಿ ಇಂಗ್ಲಿಷಿನಲ್ಲಿತ್ತು, ಹೊರಗೆ ಕೂತಿದ್ದ ಕಂಪೌಂಡರು ಕನ್ನಡದಲ್ಲಿ ಹೇಳಿದರು: ಅಜ್ಜಿಯನ್ನು ನಾಳೆ ಬೆಳಿಗ್ಗೆ ಉಪವಾಸ ಕರೆದುಕೊಂಡು ಬರ್ರಿ. ಮರುದಿನ ಸೋಮವಾರ. ಅತ್ತೆ ಪ್ರತಿ ಸೋಮವಾರ ಉಪವಾಸವಿರುವವರು. ಹೇಗೂ ಎರಡೂ ಒಂದೇ ದಿನ ಆಗುತ್ತದೆಂದು ನಮಗೆ ಸಮಾಧಾನವೇ ಆಯಿತು.

ಸಕ್ಕರೆ ಹೆಚ್ಚಿದೆ ಎಂದು ಬಂತು. ಗುಳಿಗೆ ಶುರುವಾಯಿತು. ತಿಂಗಳ ಮೇಲೆ ಮತ್ತೆ ಪರೀಕ್ಷೆ ಎಂದರು. ಯಜಮಾನರ ವಾರದ ರಜೆ ಸೋಮವಾರವೇ ಇದ್ದುದರಿಂದ ಅಂದೇ ಮಾಡಿಸುವುದು ರೂಢಿಯಾಯಿತು. ಬೆಳಿಗ್ಗೆ ಏಳಕ್ಕೆ ನಾನು ಆಟೋದಲ್ಲಿ ಲ್ಯಾಬಿಗೆ ಕರೆದೊಯ್ದು, ರಕ್ತ ಕೊಡಿಸಿ, ಮನೆಗೆ ಬಿಟ್ಟು ಬಸ್ಸಿಗೆ ಓಡುವುದು. ಸಂಜೆ ಯಜಮಾನರು ರಿಪೋರ್ಟು ತಂದು ಡಾಕ್ಟರಿಗೆ ತೋರಿಸುವುದು. ಪ್ರತಿ ಸಲವೂ ಹೆಚ್ಚು, ಪ್ರತಿ ಸಲವೂ ಗುಳಿಗೆ ಏರಿತು. ನಾವು ಅನ್ನ ಬಿಡಿಸಿದೆವು, ಚಹಾಕ್ಕೆ ಸಕ್ಕರೆ ಬಿಡಿಸಿದೆವು, ಹೋಳಿಗೆಯ ಹಬ್ಬದಲ್ಲಿ ಅವರ ತಾಟಿಗೆ ಬರೀ ಕಟ್ಟಿನ ಸಾರು ಬಡಿಸಿದೆವು. ಆದರೂ ಇಳಿಯಲಿಲ್ಲ. ಕದ್ದು ತಿನ್ನುತ್ತಾರೇನೋ ಎಂದು ಮಗನೇ ಒಂದು ದಿನ ಅವರ ಟ್ರಂಕು ತೆಗೆದು ನೋಡಿದರು. ಅದರಲ್ಲಿ ಸೀರೆಗಳಿದ್ದವು, ಮಾವನವರ ಒಂದು ಫೋಟೋ ಇತ್ತು.

ಇತ್ತ ಅತ್ತೆ ದಿನದಿನಕ್ಕೆ ಬೇರೆಯೇ ಮನುಷ್ಯರಾಗುತ್ತ ಹೋದರು. ಮಧ್ಯಾಹ್ನ ಮಲಗಿದರೆ ಎಬ್ಬಿಸಿದರೂ ಏಳರು. ಓಣಿಯ ಕೊನೆಯ ಬಸವಣ್ಣನ ಗುಡಿಗೆ ಹೋದವರು ವಾಪಸ್ ಬರುವ ದಾರಿ ತಿಳಿಯದೆ ಹೂವಿನವಳ ಬಾಜು ಕೂತುಬಿಟ್ಟಿದ್ದರು. ಒಮ್ಮೆ ನನ್ನನ್ನು ತೀರಿಹೋದ ಅವರ ಮಗಳ ಹೆಸರಿನಿಂದ ಕರೆದರು. ನಾನು “ಹೂಂ” ಎಂದೆ, ಬೇರೇನು ಹೇಳಲಿ? ಇನ್ನೊಬ್ಬ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿದರು. ವಯಸ್ಸಿಗೆ ತಕ್ಕ ಬದಲಾವಣೆ ಇದೆ, ಮರೆವಿನ ಕಾಯಿಲೆಯ ಆರಂಭವಿರಬಹುದು, ಕಾದು ನೋಡೋಣ ಎಂದರು. ಅವರ ಮುಂದೆ ಕೂತಾಗ ಅತ್ತೆ ಚಹಾ ಬಿಸ್ಕಿಟು ಮುಗಿಸಿ ಚೆನ್ನಾಗಿಯೇ ಇದ್ದರು, ಆ ಡಾಕ್ಟರ ಊರು ಯಾವುದೆಂದೂ ವಿಚಾರಿಸಿದರು.

ಅವರನ್ನು ಹಗಲು ಒಬ್ಬರನ್ನೇ ಬಿಡುವಂತಿರಲಿಲ್ಲ. ನಾನು ರಜೆ ಕೇಳಿದೆ. ಶಾಲೆಯಲ್ಲಿ ಆಗ ಮನೆಮನೆ ಸಮೀಕ್ಷೆ ನಡೆದಿತ್ತು. ಪಾಠ ಮುಗಿಸಿ ಮನೆಗಳಿಗೆ ಹೋಗಿ ಮೊಬೈಲಿನಲ್ಲಿ ವಿವರ ತುಂಬಬೇಕು, ಕಾಡಂಚಿನ ಆ ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಸಮೀಕ್ಷೆ ಮುಗಿಯುವ ತನಕ ರಜೆಯ ಮಾತು ತೆಗೆಯಬೇಡಿ ಎಂದರು ಹೆಡ್‌ಮಾಸ್ತರರು. ಅವರಿಗೂ ಮೇಲಿನಿಂದ ಒತ್ತಡ, ಕೆಟ್ಟವರಲ್ಲ. ಯಜಮಾನರು ಒಂದು ಸಂಜೆ, ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರ ಊರಾಚೆ ಒಂದಿದೆ, ಶ್ರಾವಣ ಮುಗಿದ ಮೇಲೆ ಬಿಡೋಣ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನೂ ಬೇಡ ಎನ್ನಲಿಲ್ಲ. ಇದು ನನ್ನ ಪಾಲಿನ ಸತ್ಯ, ಮುಚ್ಚಿಟ್ಟು ಭಕ್ತಿಯ ಮಾತು ಬರೆಯಲಾರೆ.

ನನ್ನ ಪೂಜೆಯ ವಿಷಯಕ್ಕೆ ಬರುತ್ತೇನೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುವುದು ತಪ್ಪಿಸಿದವಳಲ್ಲ, ಆದರೆ ಒಂದು ಕಣ್ಣು ಗಡಿಯಾರದ ಮೇಲೆಯೇ ಇರುತ್ತಿತ್ತು. ಒಲೆಯ ಮೇಲೆ ಕುಕ್ಕರು, ಮನಸ್ಸಿನಲ್ಲಿ ಬಸ್ಸು. ಐದು ತಿಂಗಳೂ ಅವರನ್ನು ಗುಣಮಾಡು ಎಂದೇ ಕೇಳುತ್ತಿದ್ದೆ, ಅದೂ ಹಾಜರಿ ಕೂಗಿದ ಹಾಗೆ. ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಐದಕ್ಕೆ ಕೂತಾಗ ಆ ಮಾತು ಬಾಯಿಗೆ ಬರಲಿಲ್ಲ. ಹಿಂದಿನ ದಿನವಷ್ಟೇ ಆ ಕೇಂದ್ರದವರಿಗೆ ಫೋನು ಹೋಗಿತ್ತು. ಅಂಗೈಯನ್ನೇ ನೋಡುತ್ತ ಕೂತೆ. ಆಮೇಲೆ ಹೀಗೆ ಹೇಳಿದೆ: ಗುಣ ಮಾಡು ಎಂದು ಇವತ್ತು ಕೇಳುವುದಿಲ್ಲ. ಇವರಿಗೆ ಏನಾಗಿದೆ ಎಂದು ತಿಳಿಸು ಸಾಕು. ತಿಳಿಯದೆ ಒಬ್ಬರನ್ನು ಮನೆಯಿಂದ ಕಳಿಸುವುದು ನನ್ನಿಂದ ಆಗುವುದಿಲ್ಲ. ಬೆಳಕು ಕಂಡಿತು, ಮೈ ಜುಮ್ಮೆಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಎದ್ದು ಒಲೆ ಹಚ್ಚಿ ಸಾಬೂದಾಣಿ ಖಿಚಡಿ ಮಾಡಿದೆ.

ಉಪವಾಸದ ದಿನ ನಮ್ಮ ಕಡೆ ಅನ್ನ ರೊಟ್ಟಿ ಇಲ್ಲ, ಫರಾಳವಿದೆ. ನೆನೆಸಿದ ಸಾಬೂದಾಣಿ, ಅಂದರೆ ಸಬ್ಬಕ್ಕಿ, ಶೇಂಗಾ ಪುಡಿ, ಜೀರಿಗೆಯ ಒಗ್ಗರಣೆ, ಜೊತೆಗೆ ಒಂದು ಬಾಳೆಹಣ್ಣು. ಲಿಂಗಾಯತರಿಗೆ ಉಪವಾಸ ಎಲ್ಲಿಂದ ಬಂತು ಎಂದು ಯಜಮಾನರು ಅತ್ತೆಯನ್ನು ಕೆಣಕುತ್ತಿದ್ದರು. ಅತ್ತೆ, ನಿನಗೆ ಬೇಡವಾದರೆ ಖಿಚಡಿ ಬಿಡು ಎನ್ನುತ್ತಿದ್ದರು. ಅವರು ಬಿಡುತ್ತಿರಲಿಲ್ಲ.

ಅಂದೂ ಎಂದಿನಂತೆ ಅತ್ತೆಗೆ ತಿನ್ನಿಸಿ ಲ್ಯಾಬಿಗೆ ಕರೆದೊಯ್ದೆ. ರಕ್ತ ತೆಗೆಯುವ ಹೆಣ್ಣುಮಗಳು ಪ್ರತಿ ಸಲದಂತೆ ಉಪವಾಸ ಇದ್ದೀರಾ ಎಂದು ಕೇಳಿದಳು. ಅತ್ತೆ, ಮಂಪರಿನಲ್ಲೂ ಅದೊಂದಕ್ಕೆ ಮಾತ್ರ ತಲೆಯೆತ್ತಿ, “ಹೂನವ್ವಾ, ನಲವತ್ತ ವರ್ಷಾತು” ಎಂದರು. ಆಕೆ ನಕ್ಕು ಸೂಜಿ ಚುಚ್ಚಿದಳು. ನಾನೂ ನಕ್ಕೆ.

ಅಂದು ಎಂಟೂವರೆಯ ಬಸ್ಸು ಹೊರಡುವುದು ತಡವಾಯಿತು. ನಮ್ಮ ಶಾಲೆಯ ಪದ್ಮಾವತಿ ಟೀಚರು ಸಾಮಾನ್ಯವಾಗಿ ಅದಕ್ಕಿಂತ ಮುಂಚಿನ ಬಸ್ಸಿಗೆ ಹೋಗುವವರು. ಕೋಟೆಯ ಕಡೆಯ ಹಳೆಯ ಜೈನ ಮನೆತನ, ನನಗಿಂತ ನಾಲ್ಕು ವರ್ಷ ಚಿಕ್ಕವರು. ಅಂದು ಬಸದಿಯ ಪೂಜೆ ಮುಗಿಸಿ ಬರುವಷ್ಟರಲ್ಲಿ ಅವರ ಬಸ್ಸು ತಪ್ಪಿ ನನ್ನ ಪಕ್ಕಕ್ಕೆ ಬಂದು ಕೂತರು. ಹಿಂದಿನ ಸೀಟಿನ ಇಬ್ಬರು ಗಂಡಸರು, ಹೆಂಗಸರ ಪುಕ್ಕಟೆ ಪ್ರಯಾಣದಿಂದ ತಮಗೆ ಸೀಟು ಸಿಗುತ್ತಿಲ್ಲವೆಂದು ಸೀಟಿನಲ್ಲಿ ಕೂತೇ ಸರಕಾರವನ್ನು ಬೈಯುತ್ತಿದ್ದರು. ಪೀರನವಾಡಿ ದಾಟಿದ ಮೇಲೆ ನಾನು ಡಬ್ಬಿ ಬಿಚ್ಚಿ ಪದ್ಮಾವತಿಯವರ ಮುಂದೆ ಹಿಡಿದೆ. ಚಾತುರ್ಮಾಸ್ಯದ ವ್ರತ, ಇವತ್ತು ಉಪವಾಸ ಎಂದರು. ಖಿಚಡಿಯೇ ಇದು, ಉಪವಾಸಕ್ಕೆ ನಡೆಯುತ್ತದೆ ಎಂದೆ ನಾನು. ಅವರು ನಕ್ಕು, ಜೈನರ ಉಪವಾಸದಲ್ಲಿ ಕಾಸಿ ಆರಿಸಿದ ನೀರಷ್ಟೇ, ಅದೂ ಹೊತ್ತು ಮುಳುಗುವ ಮೊದಲು ಎಂದರು. ಬೆಳಿಗ್ಗೆಯೇ ಏಕೆ ಇಷ್ಟು ದಣಿದಿದ್ದೀರಿ ಎಂದು ಕೇಳಿದರು. ನಾನು ಹೇಳಿದೆ: ಐದಕ್ಕೆ ಎದ್ದು ಖಿಚಡಿ ಮಾಡಿ, ಅತ್ತೆಗೆ ತಿನ್ನಿಸಿ, ಉಪವಾಸದ ರಕ್ತಪರೀಕ್ಷೆ ಮಾಡಿಸಿಕೊಂಡು ಬಂದೆ.

ಪದ್ಮಾವತಿ ಟೀಚರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

“ರಕ್ತಾ ಕೊಡೂಕ್ಕಿಂತ ಮೊದಲ ತಿನಿಸಿದ್ರ್ಯೋ, ಆಮ್ಯಾಲೋ?”

“ಮೊದಲರೀ. ಖಾಲಿ ಹೊಟ್ಟೀಲೆ ವಯಸ್ಸಾದವರನ್ನ ಹೆಂಗ ಕರಕೊಂಡ ಹೋಗಲಿ?”

ಪ್ರತಿ ಸಲ ಹೀಗೇನಾ ಎಂದು ಕೇಳಿದರು. ಪ್ರತಿ ಸಲ ಎಂದೆ. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು: “ಅಕ್ಕಾರ, ಡಾಕ್ಟರ್ ಹೇಳೂ ಉಪವಾಸ ನಿಮ್ಮದಲ್ಲರೀ, ನಮ್ಮದು. ನೀರ ಬಿಟ್ರ ಹೊಟ್ಟ್ಯಾಗ ಏನೂ ಇರಬಾರದು.”

ಬಸ್ಸು ದೇಸೂರು ದಾಟುತ್ತಿತ್ತು. ಡಬ್ಬಿ ನನ್ನ ತೊಡೆಯ ಮೇಲೆ ತೆರೆದೇ ಇತ್ತು. ಐದು ತಿಂಗಳು, ಐದು ಸೋಮವಾರ ನನ್ನ ಕಣ್ಣ ಮುಂದೆ ಬಂದವು. ಊಟ ಮಾಡಿದವರ ರಕ್ತ ತೆಗೆದು ಹಸಿದವರ ರಕ್ತವೆಂದು ಓದಿದ್ದರು. ಅದರಲ್ಲಿ ಸಕ್ಕರೆ ಹೆಚ್ಚಿರದೆ ಇನ್ನೇನಾಗುತ್ತದೆ? ಇಲ್ಲದ ಸಕ್ಕರೆಯನ್ನು ಇಳಿಸಲು ಗುಳಿಗೆಯ ಮೇಲೆ ಗುಳಿಗೆ, ಇಳಿಯುತ್ತಿದ್ದದ್ದು ಮೈಗೆ ಬೇಕಾದ ಸಕ್ಕರೆ. ಮೇಲಾಗಿ ಫರಾಳ ಬೆಳಿಗ್ಗೆಯೇ ಆಗಿದೆಯೆಂದು ಸೋಮವಾರ ಅತ್ತೆ ಸಂಜೆಯವರೆಗೆ ಮತ್ತೇನೂ ಮುಟ್ಟುತ್ತಿರಲಿಲ್ಲ. ಸೋಮವಾರಗಳಂದು ಅವರು ಹೆಚ್ಚು ಸುಸ್ತಾಗುವುದನ್ನು ನೋಡಿಯೂ, ಉಪವಾಸದ ಆಯಾಸವೆಂದು ನಾನೇ ಎಲ್ಲರಿಗೂ ಹೇಳಿದ್ದೆ.

ಖಾನಾಪುರದ ಬಸ್ ನಿಲ್ದಾಣದಿಂದ ಮನೆಗೆ ಫೋನು ಮಾಡಿದೆ. ಗುಳಿಗೆ ಎಂಟಕ್ಕೇ ಕೊಟ್ಟಾಯಿತು, ಅವ್ವ ಮಲಗಿದ್ದಾಳೆ ಎಂದರು ಯಜಮಾನರು. ಹಣೆ ಮುಟ್ಟಿ ನೋಡಿ ಎಂದೆ. ಬೆವರಿದೆ ಎಂದರು. ಎಬ್ಬಿಸಿ ಎಂದೆ. ಏಳುತ್ತಿಲ್ಲ ಎಂದರು. ನುಂಗುವಂತಿದ್ದರೆ ಸಕ್ಕರೆ ನೀರು ಕೊಟ್ಟು ಕೂಡಲೇ ಹತ್ತಿರದ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ಎಂದೆ.

“ಸಕ್ಕರಿ ಬ್ಯಾನಿ ಇದ್ದಾಕಿಗೆ ಸಕ್ಕರಿ ಕೊಡು ಅಂತೀಯಲ್ಲ, ತಲಿ ನೆಟ್ಟಗೈತೇನು ನಿಂದು?” ಎಂದು ಗದರಿದರು.

ನನಗೆ ಅಳು ಬಂತು. ಬಸ್ ನಿಲ್ದಾಣದಲ್ಲಿ ಅಷ್ಟು ಜನರ ನಡುವೆ ನಿಂತು, ತಪ್ಪು ನನ್ನದು, ನಾನೇ ತಿನ್ನಿಸಿದ್ದು, ಜಗಳ ಆಮೇಲೆ ಆಡೋಣ, ಈಗ ಎತ್ತಿಕೊಂಡು ಓಡಿ ಎಂದು ಹೇಳಿದೆ. ನನ್ನ ದನಿ ಕೇಳಿ ಅವರು ಫೋನಿಟ್ಟು ಓಡಿದರು. ಪದ್ಮಾವತಿ ಟೀಚರು ಬೆಳಗಾವಿಗೆ ವಾಪಸ್ ಹೊರಟಿದ್ದ ಬಸ್ಸನ್ನು ಕೈ ಮಾಡಿ ನಿಲ್ಲಿಸಿ ನನ್ನನ್ನು ಹತ್ತಿಸಿದರು. ಸಾಲಿಯ ಚಿಂತಿ ಬಿಡ್ರಿ, ನಾ ನೋಡ್ಕೋತೀನಿ ಎಂದರು. ಆ ದಿನ ಬರೀ ನೀರಿನ ಮೇಲಿದ್ದ ಆ ಹೆಣ್ಣುಮಗಳು ಸಂಜೆಯವರೆಗೆ ತಮ್ಮ ಮನೆಗಳ ಜೊತೆ ನನ್ನ ಪಾಲಿನ ಮನೆಗಳನ್ನೂ ತಿರುಗಿ ಸಮೀಕ್ಷೆ ಮುಗಿಸಿದ್ದು ನನಗೆ ಎರಡು ದಿನದ ಮೇಲೆ ತಿಳಿಯಿತು.

ವಾಪಸ್ ಬರುವಾಗ ನಾನು ಪ್ರಾರ್ಥಿಸಲಿಲ್ಲ. ಏನೆಂದು ಕೇಳುವುದು? ಬೆಳಿಗ್ಗೆ ಏನಾಗಿದೆ ತಿಳಿಸು ಎಂದಿದ್ದೆ. ಐದು ತಿಂಗಳಿಂದ ಇಬ್ಬರು ಡಾಕ್ಟರು, ಒಂದು ಲ್ಯಾಬು, ಒಂದು ಸ್ಕ್ಯಾನ್ ಯಂತ್ರ ಹೇಳದೆ ಹೋದದ್ದನ್ನು ನಾಲ್ಕೈದು ತಾಸಿನೊಳಗೆ ತಿಳಿಸಿಯಾಗಿತ್ತು. ಆ ಉತ್ತರ ನನ್ನ ಕಡೆಗೇ ಬೆರಳು ಮಾಡಿ ತೋರಿಸುತ್ತದೆ ಎಂದು ಮಾತ್ರ ನಾನು ಎಣಿಸಿರಲಿಲ್ಲ.

ಆಸ್ಪತ್ರೆಗೆ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ತೀರ ಕೆಳಗಿಳಿದಿತ್ತಂತೆ, ಇನ್ನರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ಡ್ಯೂಟಿ ಡಾಕ್ಟರು. ಗ್ಲುಕೋಸು ಏರಿಸಿದ್ದರು. ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ, “ಸುನಂದಾ, ಸಾಲಿ ಬಿಟ್ಟ ಯಾಕ ಬಂದಿ?” ಎಂದರು. ನನ್ನ ಹೆಸರು ಅಷ್ಟು ಸ್ಪಷ್ಟವಾಗಿ ಅವರ ಬಾಯಲ್ಲಿ ಕೇಳಿ ತಿಂಗಳುಗಳಾಗಿದ್ದವು. ನಾನು ಮಂಚದ ಕಂಬಿ ಹಿಡಿದು ನಿಂತೆ.

ನಾಲ್ಕು ದಿನ ಇಟ್ಟುಕೊಂಡರು. ಗುಳಿಗೆ ನಿಲ್ಲಿಸಿ, ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿ, ಕೊನೆಯ ದಿನ ನಿಜವಾದ ಖಾಲಿ ಹೊಟ್ಟೆಯ ರಕ್ತವನ್ನೂ ತೆಗೆದರು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲೂ ಅವರಿರಲಿಲ್ಲ. ಕಾಲಿನ ಗಾಯ ವಯಸ್ಸಿನ ಗಾಯ, ನಿಧಾನವಾಗಿ ಆರಿತ್ತು ಅಷ್ಟೇ. ಸಕ್ಕರೆ ಮತ್ತೆ ಮತ್ತೆ ಕುಸಿದಾಗ ಮಿದುಳು ಹಸಿಯುತ್ತದೆ, ಆಗ ಹೀಗೆ ಮರೆವು ಗೊಂದಲ ಬರುತ್ತದೆ ಎಂದು ಡಾಕ್ಟರು ವಿವರಿಸಿದರು. ಒಂದೆರಡು ತಿಂಗಳಲ್ಲಿ ಅತ್ತೆ ಬಹುಮಟ್ಟಿಗೆ ಮೊದಲಿನಂತಾದರು. ಕೆಲವು ಹೆಸರುಗಳು ಇನ್ನೂ ತಪ್ಪುತ್ತವೆ, ಆದರೆ ಅವು ನನಗೂ ತಪ್ಪುತ್ತವೆ. ಆ ಕೇಂದ್ರದ ಹೆಸರನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ನೋಡಲು ಬಂದ ನೆಂಟರಿಗೆಲ್ಲ ಯಜಮಾನರು ಲ್ಯಾಬಿನವರ ತಪ್ಪು, ಅವರು ಬಿಡಿಸಿ ಹೇಳಬೇಕಿತ್ತು ಎನ್ನುತ್ತಿದ್ದರು. ನನ್ನನ್ನು ಉಳಿಸಲು ಹಾಗೆ ಹೇಳುತ್ತಿದ್ದರೆಂದು ನನಗೆ ಗೊತ್ತಿತ್ತು. ನಾನು ಸುಮ್ಮನಿದ್ದೆ. ಆದರೆ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಾಗ ಆ ಸುಮ್ಮನಿರುವಿಕೆ ಚುಚ್ಚುತ್ತಿತ್ತು. ತಿಳಿಸು ಎಂದು ಕೇಳಿ ತಿಳಿದುಕೊಂಡ ಮೇಲೆ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವುದು ಯಾವ ಭಕ್ತಿ? ದೀಪಾವಳಿಗೆ ಇನ್ನೂ ವಾರವಿತ್ತು. ಅತ್ತೆ ಹಿತ್ತಲಿನಲ್ಲಿ ಬಿಸಿಲಿಗೆ ಕೂತು ಮೆಂತ್ಯದ ಎಲೆ ಬಿಡಿಸುತ್ತಿದ್ದರು. ನಾನೂ ಎದುರಿಗೆ ಕೂತು ಒಂದು ಕಟ್ಟು ಎತ್ತಿಕೊಂಡೆ. ಎಲ್ಲವನ್ನೂ ಹೇಳಿದೆ. ಪರೀಕ್ಷೆಯ ಮುಂಚೆ ತಿನ್ನಿಸಿದ್ದು ನಾನು, ನಿಮ್ಮನ್ನು ಆ ಗತಿಗೆ ತಂದದ್ದು ನನ್ನ ಕೈ, ಕೇಂದ್ರಕ್ಕೆ ಕಳಿಸುವ ಮಾತಿಗೆ ಬೇಡವೆನ್ನದೆ ಇದ್ದದ್ದೂ ನಾನೇ ಎಂದೆ.

ಅತ್ತೆ ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

“ನನಗ ಅಷ್ಟ ಮುಂಜಾನೆ ಹಸಿವಿ ಎಲ್ಲಿ ಇರತಿತ್ತ?” ಎಂದರು. “ಒಂದ ದಿನಾನೂ ಹಸಿದಿದ್ದಿಲ್ಲ. ಒತ್ತಿ ಒತ್ತಿ ನುಂಗತಿದ್ದೆ. ನೀ ಐದಕ್ಕ ಎದ್ದ ಮಾಡತಿದ್ದಿ, ಮತ್ತ ಬಸ್ಸಿಗೆ ಓಡಾಕಿ. ಬ್ಯಾಡ ಅಂತ ತಾಟ ಹಿಂದಕ್ಕ ಸರಸಾಕ ಮನಸ್ಸ ಬರಲಿಲ್ಲ.”

ನನ್ನ ಕೈಯಲ್ಲಿದ್ದ ಕಟ್ಟನ್ನು ತೆಗೆದುಕೊಂಡು, ನೀನು ಬರೀ ಕಡ್ಡಿ ಉಳಿಸುತ್ತೀ, ಒಳಗೆ ಹೋಗು ಎಂದರು.

ಇಪ್ಪತ್ತಾರು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಗಮನಿಸಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಾನೂ ಅವರನ್ನು ಅಷ್ಟು ನೋಡಿರಲಿಲ್ಲ. ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಂದು ಶ್ರಾವಣದ ಸೋಮವಾರ ನಾನು ಕೇಳಿದ್ದು ಒಂದು ಕಾಯಿಲೆಯ ಕಾರಣವನ್ನು ಮಾತ್ರ, ಅದನ್ನು ಕೊಟ್ಟ. ಅತ್ತೆಯ ಈ ಮಾತನ್ನು ನಾನು ಬೇಡಿರಲೇ ಇಲ್ಲ, ಬೇಡಬೇಕೆಂದೂ ತಿಳಿದಿರಲಿಲ್ಲ. ಅದನ್ನೂ ಕೊಟ್ಟವನಿಗೆ ಶರಣು.